ಗೇರ್‌ಬಾಕ್ಸಿನ ತಟ್ಟೆ ಸೋರಿದರೆ



ಅನುಗೊಂಡನಹಳ್ಳಿ ಕಡೆಯ ಸರಕು ಪಿಕಪ್‌ಗಳು ಬಹುಪಾಲು ಮ್ಯಾನ್ಯುಯಲ್ ಗೇರಿನವು. ಹೈಲಕ್ಸ್, ವಿ-ಕ್ರಾಸ್‌ಗಳಲ್ಲಿ ಆಟೋಮ್ಯಾಟಿಕ್ ಕೂಡ ಉಂಟು. ಇಂಥ ಗೇರ್‌ಬಾಕ್ಸಿನ ಅಡಿಗೆ ಎಣ್ಣೆ ನಿಲ್ಲುವ ತಟ್ಟೆಯೊಂದಿರುತ್ತದೆ. ಅದು ತೊಟ್ಟಿಕ್ಕಿದೊಡನೆ ಬೋಲ್ಟನ್ನು ಇನ್ನಷ್ಟು ಬಿಗಿದು ಕಳುಹಿಸುವ ಪರಿಪಾಠವನ್ನು ನಾವು ಒಪ್ಪುವುದಿಲ್ಲ. ಅತಿಯಾಗಿ ಬಿಗಿದರೆ ತಗಡಿನ ಅಂಚು ಡೊಂಕಾಗಿ, ಪ್ಯಾಕಿಂಗ್ ಹಿಂಡಿಹೋಗಿ, ಸೋರಿಕೆ ಹೆಚ್ಚುತ್ತದೆ; ಅಲ್ಯುಮಿನಿಯಂ ಕವಚದ ಥ್ರೆಡ್ಡೂ ಕಿತ್ತುಬಂದೀತು. ತಟ್ಟೆ ಬಿಚ್ಚಿಸಿ, ಅಂಚು ನೇರಮಾಡಿಸಿ, ಹೊಸ ಪ್ಯಾಕಿಂಗ್ ಕೂಡಿಸಿ, ಬೋಲ್ಟುಗಳನ್ನು ಎದುರುಬದುರಾಗಿ, ತಯಾರಕರು ಹೇಳಿದಷ್ಟೇ ಬಿಗಿಸಿರಿ. ಮೆಕ್ಯಾನಿಕ್ ಗೊಣಗಿದರೆ ಗೊಣಗಲಿ. ಎಣ್ಣೆ ತಗ್ಗಿದ ಗಾಡಿಗೆ ಅಡಿಕೆ ಮೂಟೆ ಹೇರಿದರೆ ಒಳಗಿನ ಕ್ಲಚ್ಚುಗಳು ಜಾರಿ ಸುಡುತ್ತವೆ; ಆಗ ಬರುವ ಬಿಲ್ಲು ಪ್ಯಾಕಿಂಗಿನದಲ್ಲ. ಇನ್ನೊಂದು ಮಾತು: ಮನೆಯಲ್ಲಿದೆಯೆಂದು ಮಾಮೂಲಿ ಗೇರ್ ಆಯಿಲ್ ಸುರಿಯಬೇಡಿರಿ. ಗಾಡಿಯ ಕೈಪಿಡಿ ಹೆಸರಿಸಿದ ಎಣ್ಣೆಯನ್ನೇ, ಅದು ಹೇಳಿದ ಮಟ್ಟಕ್ಕೆ ಹಾಕಿಸಿರಿ.