ಪ್ರತಿಭೆಗೆ ಅಡ್ಡ ಬರುವ ಹೆಸರು

ಬೀದರ್, ಭಾಲ್ಕಿ, ಔರಾದ್‌ಗಳ ಪದವೀಧರರಿಗೆ ಸರ್ಕಾರಿ ನೌಕರಿಯ ಬಾಗಿಲನ್ನು ಸಂವಿಧಾನದ 371(ಜೆ) ವಿಧಿ ಒಂದಷ್ಟು ತೆರೆದಿದೆ. ಆದರೆ 2012ರಲ್ಲಿ ಸಂಸತ್ತು ಅಂಗೀಕರಿಸಿದ ಈ ಸೌಲಭ್ಯ ಖಾಸಗಿ ಉದ್ಯೋಗಕ್ಕೆ ಅನ್ವಯಿಸದು. ಸರ್ಕಾರಿ ಹುದ್ದೆ ದಕ್ಕದವರು ಹೈದರಾಬಾದ್, ಪುಣೆ, ಬೆಂಗಳೂರಿನ ಕಂಪನಿಗಳಿಗೇ ಅರ್ಜಿ ಹಾಕಬೇಕು. 2011ರ ಜನಗಣತಿಯಂತೆ ಶೇ 23ಕ್ಕೂ ಹೆಚ್ಚು ಪರಿಶಿಷ್ಟ ಜಾತಿಯವರಿರುವ ಜಿಲ್ಲೆಗೆ, ಆ ಅರ್ಜಿಗಳನ್ನು ಕಂಪನಿಗಳು ಹೇಗೆ ಓದುತ್ತವೆ ಎಂಬುದು ಅನ್ನದ ಪ್ರಶ್ನೆ.

ಆ ಓದು ನಿಷ್ಪಕ್ಷಪಾತವಲ್ಲ ಎಂಬುದಕ್ಕೆ ಪುರಾವೆಗಳಿವೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಸಮಾನ ಅರ್ಹತೆಯ, ಹೆಸರು ಮಾತ್ರ ಬೇರೆಯಾದ ಅರ್ಜಿಗಳನ್ನು ಖಾಸಗಿ ಸಂಸ್ಥೆಗಳಿಗೆ ಕಳುಹಿಸಲಾಗಿತ್ತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ಸಂದರ್ಶನದ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಸುಮಾರು ಮೂರನೇ ಒಂದರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಎರಡರಷ್ಟು ಕಡಿಮೆ ಇತ್ತು. ಅದೇ ವರ್ಷ ಪ್ರಕಟವಾದ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಅವರ ಅಧ್ಯಯನದಲ್ಲಿ, ಪ್ರತಿಭೆಯೇ ಮಾನದಂಡ ಎಂದ ನೇಮಕಾತಿ ಅಧಿಕಾರಿಗಳೇ ಅಭ್ಯರ್ಥಿಯ ‘ಕುಟುಂಬದ ಹಿನ್ನೆಲೆ’ ವಿಚಾರಿಸುವುದಾಗಿ ಹೇಳಿದ್ದರು.

ಉದ್ಯಮಿಗಳು ಕೈಕಟ್ಟಿ ಕುಳಿತಿದ್ದಾರೆ ಎನ್ನಲಾಗದು. ಖಾಸಗಿ ಮೀಸಲಾತಿಯನ್ನು ವಿರೋಧಿಸಿದ ಉದ್ಯಮ ಸಂಘಟನೆಗಳು 2006ರಲ್ಲಿ ಜೆ.ಜೆ. ಇರಾನಿ ನೇತೃತ್ವದ ಕಾರ್ಯಪಡೆಯ ಮೂಲಕ ಸ್ವಯಂಪ್ರೇರಿತ ಕ್ರಮಗಳ ಭರವಸೆ ನೀಡಿದವು. 2013ರ ಕಂಪನಿ ಕಾಯ್ದೆ, ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕೆಂದು ವಿಧಿಸಿತು. ಶಾಲೆಗೆ ಕೊಠಡಿ, ಊರಿಗೆ ನೀರಿನ ಘಟಕ ಬಂದರೆ ಸಂತೋಷವೇ. ಆದರೆ ಇದೆಲ್ಲ ಕಂಪನಿಯ ಗೇಟಿನ ಹೊರಗಿನ ಕೆಲಸ. ಗೇಟಿನ ಒಳಗೆ ಯಾರಿಗೆ ಪ್ರವೇಶ, ಯಾರಿಗೆ ಬಡ್ತಿ ಎಂಬುದನ್ನು ಕೇಳುವವರಿಲ್ಲ. ಷೇರುಪೇಟೆಯಲ್ಲಿ ನೋಂದಾಯಿತವಾದ ದೊಡ್ಡ ಕಂಪನಿಗಳಿಂದ ‘ಸೆಬಿ’ ಮಹಿಳಾ ಮತ್ತು ಅಂಗವಿಕಲ ಸಿಬ್ಬಂದಿಯ ಲೆಕ್ಕ ಕೇಳುತ್ತದೆ. ಜಾತಿವಾರು ಲೆಕ್ಕ ಕೇಳುವುದಿಲ್ಲ. ಅಳೆಯದ ತಾರತಮ್ಯ ಅಳಿಯುವುದಾದರೂ ಹೇಗೆ?

ಹೊಸ ಕಾನೂನಿಗಾಗಿ ಕಾಯದೆ ಉದ್ಯಮಿಗಳು ಮಾಡಬಹುದಾದ ಕೆಲಸಗಳಿವೆ. ಮೊದಲ ಹಂತದ ಪರಿಶೀಲನೆಯಲ್ಲಿ ಹೆಸರು, ಊರುಗಳನ್ನು ಮರೆಮಾಡಬಹುದು. ಸಂದರ್ಶನದಲ್ಲಿ ಮನೆತನದ ಪ್ರಶ್ನೆಯನ್ನು ನಿಷೇಧಿಸಬಹುದು. ತಿರಸ್ಕಾರಕ್ಕೆ ಕಾರಣ ದಾಖಲಿಸಬಹುದು. ಸಿಬ್ಬಂದಿಯ ಸಾಮಾಜಿಕ ಚಿತ್ರಣವನ್ನು, ಯಾರ ಗುರುತೂ ಬಯಲಾಗದಂತೆ, ವರ್ಷಕ್ಕೊಮ್ಮೆ ಪ್ರಕಟಿಸಬಹುದು. ಮಹಾನಗರದ ಕಾಲೇಜುಗಳಲ್ಲಷ್ಟೇ ಕ್ಯಾಂಪಸ್ ನೇಮಕಾತಿ ನಡೆಸುವ ಬದಲು ಬೀದರ್, ಭಾಲ್ಕಿಗಳ ಎಂಜಿನಿಯರಿಂಗ್ ಕಾಲೇಜುಗಳಿಗೂ ಬರಬಹುದು. ಇವಕ್ಕೆ ದೊಡ್ಡ ಖರ್ಚು ಬೇಡ, ಇಚ್ಛಾಶಕ್ತಿ ಬೇಕು.

ಕಾಯಕದಲ್ಲಿ ಮೇಲು–ಕೀಳಿಲ್ಲ ಎಂದು 12ನೇ ಶತಮಾನದಲ್ಲೇ ಸಾರಿದ ಶರಣರ ಕಲ್ಯಾಣ ಇರುವುದು ಇದೇ ಜಿಲ್ಲೆಯಲ್ಲಿ. ಇಲ್ಲಿನ ಯುವಜನರು ಕೇಳುತ್ತಿರುವುದು ಕಂಪನಿಗಳ ದಾನವನ್ನಲ್ಲ. ತಮ್ಮ ಅರ್ಜಿಯನ್ನು ಹೆಸರಿನಾಚೆಗೂ ಓದುವ ನ್ಯಾಯವನ್ನು.