ನೋಟಿಸು ಕೊಟ್ಟರೆ ಮುಗಿಯಿತೇ?

ಮಳೆಗಾಲ ಬಂತೆಂದರೆ ಕೊಡಗಿನ ಬೆಟ್ಟದಂಚಿನ ಮನೆಗಳಿಗೆ ‘ಸುರಕ್ಷಿತ ಸ್ಥಳಕ್ಕೆ ತೆರಳಿ’ ಎಂಬ ನೋಟಿಸು ಬರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ್ದನ್ನು, 2020ರಲ್ಲಿ ತಲಕಾವೇರಿಯ ಅರ್ಚಕರ ಮನೆಯೇ ಮಣ್ಣುಪಾಲಾದದ್ದನ್ನು ಕಂಡವರಿಗೆ ಅಪಾಯದ ಪಾಠ ಯಾರೂ ಹೇಳಬೇಕಿಲ್ಲ. ಆದರೂ ಹಲವರು ಕದಲುವುದಿಲ್ಲ. ಹಟಮಾರಿಗಳೆಂದು ಗೊಣಗುವುದು ಸುಲಭ. ಆದರೆ ಅವರ ಕಷ್ಟವನ್ನೂ ನೋಡಬೇಕು. ಕೊಟ್ಟಿಗೆಯಲ್ಲಿ ಮೊನ್ನೆಯಷ್ಟೇ ಕರು ಹಾಕಿದ ಹಸುವಿದೆ. ಕಾಳಜಿ ಕೇಂದ್ರದಲ್ಲಿ ಅದಕ್ಕೆ ಜಾಗವೆಲ್ಲಿ? ಅನ್ನ ಕೊಡುವ ಕಾಫಿ, ಕಾಳುಮೆಣಸು ಇರುವುದೂ ಇದೇ ಇಳಿಜಾರಿನಲ್ಲಿ. ಮಾರಿ ಹೋಗೋಣವೆಂದರೆ ಬಿರುಕುಬಿಟ್ಟ ಗುಡ್ಡವನ್ನು ಕೊಳ್ಳುವವರಾರು? ಪೈಸಾರಿ (ಸರ್ಕಾರಿ) ಜಾಗದಲ್ಲಿ ಮನೆ ಕಟ್ಟಿಕೊಂಡ ಎಷ್ಟೋ ಮಂದಿಗೆ ಹಕ್ಕುಪತ್ರವೇ ಇಲ್ಲ. ತೋಟದ ಲೈನ್‌ಮನೆಯ ಕಾರ್ಮಿಕರಂತೂ ಮನೆ ಬಿಟ್ಟರೆ ಕೂಲಿಯನ್ನೂ ಬಿಟ್ಟಂತೆ.

ಭೂಕುಸಿತದ ಸಂತ್ರಸ್ತರಿಗೆ ಜಂಬೂರು, ಮದೆನಾಡಿನಲ್ಲಿ ಮನೆ ಕಟ್ಟಿಕೊಟ್ಟದ್ದು ಒಳ್ಳೆಯ ಕೆಲಸವೇ. ಆದರೆ ಅವು ಎಲ್ಲ ಕಳೆದುಕೊಂಡ ಮೇಲೆ ಸಿಕ್ಕ ಮನೆಗಳು. ಗುಡ್ಡ ಕುಸಿಯುವ ಮೊದಲೇ ಹೊರಡಲು ಒಪ್ಪುವ ಕುಟುಂಬಕ್ಕೆ ನಿವೇಶನ, ಅಲ್ಲಿಯವರೆಗೆ ಮಳೆಗಾಲದ ಬಾಡಿಗೆ, ತೋಟಕ್ಕೆ ಹೋಗಿಬರಲು ಬಸ್ಸು, ದನಕ್ಕೊಂದು ಶೆಡ್ಡು: ಇಷ್ಟನ್ನು ಜಿಲ್ಲಾಡಳಿತ ಬೇಸಿಗೆಯಲ್ಲೇ ಬರೆದುಕೊಡಲಿ. ನೋಟಿಸು ಅದರ ಜೊತೆಗೇ ಬರಲಿ.