ಗೋಡೆಯ ನಾಡಿ

ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಹೊತ್ತ ಬಂಡೆಯು ಇಪ್ಪತ್ತೆರಡು ಶತಮಾನಗಳನ್ನು ಕಂಡಿದೆ. ಮಾನವನು ನೆಲದಡಿಯಲ್ಲಿ ಕಟ್ಟಿದ ಗೋಡೆಗೆ ಅಂತಹ ಭರವಸೆಯಿಲ್ಲ. 2016ರಲ್ಲಿ ಬೆಂಗಳೂರಿನ ವಿಧಾನಸೌಧದ ಬಳಿ ತೆರೆದ ರೈಲು ನಿಲ್ದಾಣದಂತಹ ಕಟ್ಟಡವನ್ನು ಮಣ್ಣಿನ ಭಾರವೂ ಅಂತರ್ಜಲದ ಒತ್ತಡವೂ ಎಡೆಬಿಡದೆ ಅದುಮುತ್ತವೆ.

ಇದನ್ನು ಅಳೆಯುವ ಸಂವೇದಕಗಳಲ್ಲಿ ಒಂದು, ಕಾಂಕ್ರೀಟಿನಲ್ಲಿ ಹುದುಗಿಸಿದ ಬಿಗಿಯಾದ ಉಕ್ಕಿನ ತಂತಿ. ಕಾಂಕ್ರೀಟು ಕುಗ್ಗಿದರೆ ತಂತಿ ಸಡಿಲಗೊಳ್ಳುವುದು. ವಿದ್ಯುತ್ಕಾಂತದಿಂದ ಮಿಡಿದಾಗ, ವೀಣೆಯ ತಂತಿಯಂತೆಯೇ, ಅದರ ಸ್ವರ ಇಳಿಯುವುದು. ಆದರೆ ಶೀತೋಷ್ಣಗಳಿಂದಲೂ ಸ್ವರ ಬದಲಾಗುತ್ತದೆ. ಆದುದರಿಂದ ಒಂದು ದಿನದ ಅಳತೆ ಸಾಲದು. ಹಲವು ವರ್ಷಗಳ ದಾಖಲೆಯಿಂದಲೇ ಋತುಗಳ ಏರಿಳಿತ ಯಾವುದು, ನಿಜವಾದ ದೌರ್ಬಲ್ಯ ಯಾವುದು ಎಂದು ತಿಳಿಯಲು ಸಾಧ್ಯ.

ಕಟ್ಟುವಾಗ ಅಳೆದು, ಉದ್ಘಾಟನೆಯೊಡನೆ ಮರೆಯುವುದು ಸಲ್ಲದು. ನಿತ್ಯ ಸಂಚರಿಸುವವರ ಪ್ರಾಣವು ಆ ಗೋಡೆಯನ್ನು ನಂಬಿದೆ. ಅಳತೆಯು ಮುಂದುವರಿಯಬೇಕು, ಅದರ ಅಂಕಿಗಳು ನಮ್ಮ ವಿದ್ಯಾರ್ಥಿಗಳಿಗೂ ದೊರೆಯಬೇಕು.